ಹಲಗೆಯ ಮೇಲಿನ ಮಲೆನಾಡು

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಘಟ್ಟದ ಮೇಲಿನ ಮೂರು ತಾಲೂಕುಗಳನ್ನು ನೋಡಹೋಗುವವರು ಸಾಮಾನ್ಯವಾಗಿ ಮಾರಿಕಾಂಬೆಗೆ ಕೈಮುಗಿದು, ಒಂದೆರಡು ಜಲಪಾತಗಳನ್ನು ಕಂಡು, ತೊಡೆದೇವಿನ ಪೊಟ್ಟಣವನ್ನು ಕಟ್ಟಿಸಿಕೊಂಡು ಹಿಂದಿರುಗುವದುಂಟು. ನಾನೂ ಎರಡು ಸಲ ಹಾಗೆಯೇ ಹೋಗಿಬಂದವನು. ಕಳೆದ ಭಾದ್ರಪದದಲ್ಲಿ ಮಾತ್ರ ಬೇರೊಂದು ಕೆಲಸಕ್ಕಾಗಿ ಅತ್ತ ಹೊರಟೆನು. ಆ ಸೀಮೆಯ ಅನೇಕ ಮನೆಗಳಲ್ಲಿ ಚೌತಿಯ ಗಣಪತಿಯ ಸುತ್ತಲೂ ಗುಡ್ಡ, ಹೊಳೆ, ತೋಟ, ಮನೆಗಳನ್ನು ಚಿಕ್ಕದಾಗಿ ರಚಿಸಿ, ಬಣ್ಣ ಹಚ್ಚಿ, ನಡುನಡುವೆ ಗೊಂಬೆಗಳನ್ನು ನಿಲ್ಲಿಸುವ ರೂಢಿಯುಂಟು. ಅದನ್ನು ಕಲಿತು ಬರಬೇಕೆಂಬುದೇ ನನ್ನ ಪ್ರಯಾಣದ ಉದ್ದೇಶವಾಗಿತ್ತು.

ಈ ವಯಸ್ಸಿನಲ್ಲಿ ಇಂಥ ವಿದ್ಯೆ ಏತಕ್ಕೆಂದು ವಾಚಕರು ಕೇಳಬಹುದು. ಧಾರವಾಡದ ನಮ್ಮ ಮನೆಯಲ್ಲಿ ಹತ್ತು ವರ್ಷದ ಮೊಮ್ಮಗನೊಬ್ಬನಿದ್ದಾನೆ. ಅವನ ಕಪಾಟಿನಲ್ಲಿ ಕೈಕಾಲು ತಿರುಗಿಸಬಹುದಾದ ಪ್ಲಾಸ್ಟಿಕ್ಕಿನ ವೀರರು ಹನ್ನೆರಡು ಮಂದಿ. ಒಂದು ದಿನ ಅವನು, “ಅಜ್ಜಾ, ಇವರಿಗೆ ನಿಂದರಲಿಕ್ಕೆ ಒಂದು ಊರು ಬೇಕು” ಅಂದನು. ನಾನು ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಮೇಲೆ ಕಾಗದವನ್ನು ಅಂಟಿಸಿ, ಹಸುರು ಬಣ್ಣವನ್ನು ಬಳಿದು ಒಂದು ಬೆಟ್ಟವನ್ನು ಮಾಡಿದೆನು. ಬಣ್ಣದ ನೀರಿಗೆ ಕಾಗದವು ನೆನೆದು, ಬೆಳಗಾಗುವಷ್ಟರಲ್ಲಿ ಬೆಟ್ಟವು ಕುಸಿದು ಕುಳಿತಿತ್ತು. ಹುಡುಗನು ಏನೂ ಅನ್ನಲಿಲ್ಲ. ಗೊಂಬೆಗಳನ್ನು ಒಂದೊಂದಾಗಿ ಎತ್ತಿ ಕಪಾಟಿನಲ್ಲಿ ಇಟ್ಟುಬಿಟ್ಟನು. ಅವನು ಅತ್ತಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಅಳಲಿಲ್ಲವಾದ್ದರಿಂದ ಅವನನ್ನೂ ಕರೆದುಕೊಂಡು, ಚೌತಿಗೆ ನಾಲ್ಕು ದಿನ ಮುಂಚಿತವಾಗಿ ಶಿರಸಿಯ ಮೋಟಾರನ್ನು ಹತ್ತಿದೆನು. ಅವನ ಕಿಸೆಯಲ್ಲಿ ಸ್ಪೈಡರ್‌ಮ್ಯಾನ್ ಎಂಬ ವೀರನೊಬ್ಬನೂ ನಮ್ಮೊಡನೆ ಬಂದನು.

ಹುಬ್ಬಳ್ಳಿಯನ್ನು ಬಿಟ್ಟು ಮುಂಡಗೋಡದ ಮೇಲಿಂದ ಹೋಗುವಾಗ ಎರೆಯ ಹೊಲಗಳು ಹಿಂದುಳಿದು, ದಾರಿಯು ಕೆಂಪಾಗಿ, ಮಳೆಯು ದಟ್ಟವಾಗುತ್ತ ಹೋಗುವದು. ಶಿರಸಿಯಲ್ಲಿ ಇಳಿದಾಗ ಪೇಟೆಯೆಲ್ಲ ಕೊಡೆಗಳಿಂದ ತುಂಬಿತ್ತು. ನಾವು ಮೊದಲು ಗುಡಿಗಾರರೊಬ್ಬರ ಕೆಲಸದ ಮನೆಗೆ ಹೋದೆವು. ಶಿರಸಿ, ಸಿದ್ದಾಪುರ, ಸಾಗರ, ಸೊರಬಗಳಲ್ಲಿ ನೆಲೆಸಿರುವ ಗುಡಿಗಾರರು ಶ್ರೀಗಂಧದ ಕೆತ್ತನೆಯಿಂದ ಲೋಕಪ್ರಸಿದ್ಧರಾದವರು. ತಮ್ಮ ಹಿರಿಯರು ಗೋವೆಯ ಕಡೆಯಿಂದ ಬಂದವರೆಂದು ಅವರಲ್ಲಿ ಐತಿಹ್ಯವಿದೆ. ಜೌಗಿನಲ್ಲಿ ಬೆಳೆಯುವ ಬೆಂಡಿನ ಬೆಳ್ಳಗಿನ ತಿರುಳನ್ನು ಕಾಗದದಂತೆ ಸುಲಿದು ಮದುಮಕ್ಕಳ ಬಾಸಿಂಗವನ್ನು ಮಾಡುವವರೂ ಅವರೇ, ಚೌತಿಗೆ ಮಣ್ಣಿನ ಗಣಪತಿಯನ್ನು ಮಾಡುವವರೂ ಅವರೇ.

ಅಂದು ಆ ಮನೆಯ ಜಗಲಿಯಲ್ಲಿ ನಾಲ್ವತ್ತು ಐವತ್ತು ಗಣಪತಿಗಳು ಇನ್ನೂ ಕಣ್ಣಿಲ್ಲದೆ ಕುಳಿತಿದ್ದವು. ಕಣ್ಣು ಬರೆಯುವದು ಎಲ್ಲಕ್ಕಿಂತ ಕೊನೆಗೆ. ನಮ್ಮ ಬೆಟ್ಟ ಕುಸಿದ ಕಥೆಯನ್ನು ಕೇಳಿ ಕೆಲಸಗಾರರು ಕೈ ನಿಲ್ಲಿಸದೆಯೇ ನಕ್ಕರು. “ರಾಯರೇ, ನೀವು ಎಲುಬಿಲ್ಲದ ಬೆಟ್ಟಕ್ಕೆ ಚರ್ಮ ಹೊದಿಸಿದಿರಿ. ಮೊದಲು ಎಲುಬು, ಆಮೇಲೆ ಮಾಂಸ, ಅದು ಒಣಗಿದ ಮೇಲೆ ಚರ್ಮ” ಎಂದರು. ಎಲುಬೆಂದರೆ ಬಿದಿರಿನ ದಬ್ಬೆಯ ಹಂದರ, ಮಾಂಸವೆಂದರೆ ಸೋಸಿ ನೆನೆಯಿಟ್ಟು ತುಳಿದ ಜೇಡಿಮಣ್ಣು, ಚರ್ಮವೆಂದರೆ ಬಣ್ಣ. ಮಣ್ಣನ್ನು ಬಿಸಿಲಿಗಿಡದೆ ನೆರಳಿನಲ್ಲಿಯೇ ಒಣಗಿಸಬೇಕು, ಇಲ್ಲವಾದರೆ ಬಿರಿಯುವದು. ಬಣ್ಣಕ್ಕೆ ಮೊದಲು ಒಂದು ಕೈ ಬಿಳಿಯ ಲೇಪವನ್ನು ಕೊಡದಿದ್ದರೆ ಮಣ್ಣು ಬಣ್ಣವನ್ನೆಲ್ಲ ಕುಡಿದುಬಿಡುವದು. ಇಷ್ಟು ಪಾಠಕ್ಕೆ ಅವರು ತೆಗೆದುಕೊಂಡದ್ದು ಐದು ನಿಮಿಷ. ನಾನು ಅರವತ್ತು ವರ್ಷ ಬದುಕಿಯೂ ಅದನ್ನು ತಿಳಿದಿರಲಿಲ್ಲ.

ಸಂಜೆ ಮಾರಿಕಾಂಬೆಯ ದರ್ಶನಕ್ಕೆ ಹೋದೆವು. ೧೬೮೮ರಲ್ಲಿ ಸ್ಥಾಪನೆಯಾಯಿತೆಂದು ಹೇಳಲ್ಪಡುವ ಈ ದೇವಾಲಯದ ಗೋಡೆಗಳ ಮೇಲೆ ಕಾವಿ ಚಿತ್ರಗಳಿವೆ. ನಯವಾಗಿ ತಿಕ್ಕಿದ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು, ಅದು ಹಸಿಯಾಗಿರುವಾಗಲೇ ಮೊನಚಾದ ಉಪಕರಣದಿಂದ ಗೀರಿ, ಒಳಗಿನ ಬಿಳುಪನ್ನು ಹೊರದೆಗೆಯುವ ಕಲೆಯಿದು. ಎರಡೇ ಬಣ್ಣ, ಆದರೂ ದೇವತೆಗಳು, ಬಳ್ಳಿಗಳು, ಹೂಗಳು ಎಲ್ಲವೂ ಬರುವವು. ಪೇಟೆಯಲ್ಲಿ ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಬೇಕೆಂದು ಹಟ ಹಿಡಿದಿದ್ದ ನಮ್ಮ ಹುಡುಗನು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತುಕೊಂಡನು. ಹೊರಗೆ ಬಂದಮೇಲೆ ಡಬ್ಬಿಯ ಮಾತನ್ನು ಎತ್ತಲಿಲ್ಲ.

ಮರುದಿನ ಕಾನಸೂರಿನ ಮೇಲಿಂದ ಸಿದ್ದಾಪುರದ ಕಡೆಗೆ ಹೊರಟೆವು. ದಾರಿಯಲ್ಲಿ ದೀವರ ಮನೆಯೊಂದರ ಕೆಂಪು ಗೋಡೆಯ ಮೇಲಿದ್ದ ಬಿಳಿಯ ಹಸೆಯನ್ನು ಕಂಡು ಇಳಿಯದಿರಲು ನಮಗೆ ಮನಸ್ಸಾಗಲಿಲ್ಲ. ಕೆಮ್ಮಣ್ಣು ಸಾರಿಸಿದ ನೆಲೆಯ ಮೇಲೆ ಅಕ್ಕಿಯನ್ನು ಅರೆದ ಬಿಳುಪಿನಿಂದ ಗೀಟು ಗೀಟಾಗಿ ಬರೆಯುವದು ಇವರ ಹೆಂಗಸರ ಪರಂಪರೆಯ ವಿದ್ಯೆ. ಕರಿದಕ್ಕೆ ಹುರಿದು ಕಪ್ಪಾದ ಅಕ್ಕಿ, ಹಳದಿಗೆ ಗುರಿಗೆಯ ಕಾಯಿ, ಕುಂಚಕ್ಕೆ ಪುಂಡಿಯ ನಾರು. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗವನ್ನೊಯ್ಯುವ ಬುಟ್ಟಿಯನ್ನೂ ಹೀಗೆಯೇ ಬರೆದು ಸಿಂಗರಿಸುವರು. ಹುಡುಗನ ಕುತೂಹಲವನ್ನು ಕಂಡ ಮನೆಯಾಕೆಯು ಪುಂಡಿಯ ನಾರಿನ ಕುಂಚವೊಂದನ್ನು ಅವನ ಕೈಯಲ್ಲಿಟ್ಟಳು. ಹಣ ಕೊಡಹೋದರೆ ನಕ್ಕು ಒಳಗೆ ಹೋದಳು.

ಸಿದ್ದಾಪುರದ ಹತ್ತಿರ ನಾವು ಇಳಿದುಕೊಂಡದ್ದು ನನ್ನ ಗೆಳೆಯನೊಬ್ಬನ ತಂದೆಯ ಮನೆಯಲ್ಲಿ. ಜಗಲಿಯನ್ನು ಏರುವಷ್ಟರಲ್ಲಿಯೇ “ಆಸರಿಗೆ ಎಂತಾ ಅಡ್ಡಿಲ್ಲೆ?” ಎಂಬ ಹವ್ಯಕರ ಉಪಚಾರದ ಪ್ರಶ್ನೆ, ಅದರ ಹಿಂದೆಯೇ ಬೆಲ್ಲ ನೀರು. ಒಳಗೆ ಚಕ್ಕುಲಿ ಕಂಬಳವು ನಡೆದಿತ್ತು. ನೆರೆಹೊರೆಯ ಗಂಡಸರು ಒಟ್ಟುಗೂಡಿ, ಹಿಟ್ಟನ್ನು ಬೆರಳುಗಳ ನಡುವೆ ಹೊಸೆಯುತ್ತ, ಸುತ್ತು ತಪ್ಪದಂತೆ ಕೈ ಚಕ್ಕುಲಿ ಸುತ್ತುತ್ತಿದ್ದರು. ಮುಂಚೆ ಹತ್ತು ಹದಿನೈದು ಮಂದಿ ಕೂಡುತ್ತಿದ್ದ ಜಗಲಿಯಲ್ಲಿ ಈಗ ಐವರಿದ್ದರು. ಐವರೂ ತಲೆ ನರೆತವರು. ತರುಣರೆಲ್ಲ ಬೆಂಗಳೂರಿನಲ್ಲಿ. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರ. ಪ್ರತಿ ವರ್ಷವೂ ಗಣಪತಿಯ ದೃಶ್ಯವನ್ನು ಕಟ್ಟುವಾಗ ಅವರಿಗೆ ಕೈಗೂಡಿಸುತ್ತಿದ್ದ ಮೊಮ್ಮಗನು ಈ ವರ್ಷ ರಜೆ ಸಿಗದೆ ಬಂದಿರಲಿಲ್ಲ. ಈ ಸಲ ಕಟ್ಟುವದೇ ಬೇಡವೆಂದು ಅವರು ಎಣಿಸಿದ್ದರಂತೆ. ನಮ್ಮ ಹುಡುಗನ ಕೈಯಲ್ಲಿದ್ದ ಕುಂಚವನ್ನು ನೋಡಿದರು, “ಮಾಣೀ, ಕೆಲಸ ಮಾಡ್ತ್ಯಾ?” ಎಂದು ಕೇಳಿ ಎದ್ದುಬಿಟ್ಟರು.

ಆರು ಅಡಿ ಉದ್ದದ ಹಲಗೆಯೊಂದನ್ನು ಅಟ್ಟದಿಂದ ಇಳಿಸಿದೆವು. ಮೊದಲು ದಬ್ಬೆಯ ಹಂದರ. ಅದರ ಮೇಲೆ ಮಣ್ಣಿನ ರಾಡಿಯಲ್ಲಿ ಅದ್ದಿದ ಹಳೆಯ ಪಂಚೆಯ ತುಂಡುಗಳು. ಒಣಗಿದಂತೆ ಮತ್ತೊಂದು ಪದರ. ಗುಡ್ಡವು ಸಂಜೆಯ ವೇಳೆಗೆ ತಟ್ಟಿದರೆ ಸದ್ದಾಗುವಷ್ಟು ಗಟ್ಟಿಯಾಯಿತು. ಮಳೆಯ ತಂಪಿನ ದೆಸೆಯಿಂದ ಒಲೆಯ ಹತ್ತಿರಕ್ಕೆ ಸರಿಸಿ ಒಣಗಿಸಬೇಕಾಯಿತೆಂಬುದೊಂದೇ ತೊಂದರೆ. ಮನೆಗೆ ಅಡಿಕೆಯ ಹಾಳೆ. ನೀರಿನಲ್ಲಿ ನೆನೆಸಿದ ಹಾಳೆಯು ಹೇಳಿದ ಹಾಗೆ ಬಾಗುವದು, ಒಣಗಿದ ಮೇಲೆ ಹಲಗೆಯಂತೆ ಬಿರುಸಾಗುವದು. ಅಂಟು ಹುಣಿಸೆಯ ಬೀಜದ್ದು. ಅಡಿಕೆಯ ಮರಕ್ಕೆ ಬಿದಿರ ಕಡ್ಡಿ, ಅದರ ತುದಿಗೆ ಜರಿಗಿಡದ ಕುಡಿ. ಹುಲ್ಲಿಗೆ ಕಲ್ಲುಕಟ್ಟೆಯ ಮೇಲಿನ ಹಾವಸೆ. ಹಸಿರಾದ ವಸ್ತುಗಳು ಬಾಡುವದರಿಂದ ಅವನ್ನು ಕೊನೆಯ ದಿನವೇ ನೆಟ್ಟು ನೀರು ಚಿಮುಕಿಸಬೇಕು.

ಹುಡುಗನು ಉತ್ಸಾಹದಿಂದ ಹಲಗೆಯ ಮುಕ್ಕಾಲು ಪಾಲನ್ನು ತೋಟಕ್ಕೆಂದು ಗೆರೆ ಎಳೆದುಕೊಂಡಿದ್ದನು. ಅಜ್ಜನವರು ನೋಡಿ, “ತೋಟ ಇಷ್ಟು ದೊಡ್ಡ ಮಾಡಿದ್ರೆ ಸೊಪ್ಪು ಎಲ್ಲಿಂದ ತತ್ತೆ?” ಎಂದು ಕೇಳಿದರು. ಆ ಸೀಮೆಯಲ್ಲಿ ಅಡಿಕೆಯ ತೋಟವು ಒಂಟಿಯಾಗಿ ಬದುಕಲಾರದು. ಮರದ ಬುಡಕ್ಕೆ ಹಾಕುವ ಸೊಪ್ಪು, ದನಕ್ಕೆ ಹಾಸುವ ದರಕು ಎಲ್ಲವೂ ಮೇಲಿನ ಬೆಟ್ಟದಿಂದ ಬರತಕ್ಕದ್ದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯ ವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಆಳಿಕೆಯಲ್ಲಿಯೇ ಇಲ್ಲಿಯ ತೋಟಿಗರಿಗೆ ದೊರೆತದ್ದು. ತೋಟವು ಕಣಿವೆಯ ತಳದಲ್ಲಿ, ಅದರ ನೆತ್ತಿಯ ಮೇಲೆ ಬೆಟ್ಟ, ನಡುವಿನ ಏರಿನಲ್ಲಿ ಮನೆ, ಮನೆಯ ಮಗ್ಗುಲಿಗೆ ಕೊಟ್ಟಿಗೆ, ಬೆಟ್ಟದ ನೀರು ಹರಿದು ಬರಲು ಕಾಲುವೆ. ಹುಡುಗನು ಗೆರೆಯನ್ನು ಅಳಿಸಿ ಬೆಟ್ಟವನ್ನು ದೊಡ್ಡದು ಮಾಡಿದನು. ಶಾಲೆಯ ಪುಸ್ತಕದಲ್ಲಿ ಅವನು ಮಲೆನಾಡೆಂಬ ಶಬ್ದವನ್ನು ಓದಿದ್ದನು. ಅದು ಹೇಗೆ ನಡೆಯುವದೆಂಬುದನ್ನು ಆ ಹಲಗೆಯ ಮೇಲೆ ಕಂಡನು.

ಬಣ್ಣದ ದಿನ ಇನ್ನಷ್ಟು ಕಲಿಯಬೇಕಾಯಿತು. ಹಿಂದಿನ ಬಟ್ಟೆಯ ಮೇಲೆ ದೂರದ ಬೆಟ್ಟಗಳನ್ನು ಬರೆಯುವಾಗ ಹಸುರಿಗೆ ನೀಲಿಯನ್ನೂ ಬಿಳುಪನ್ನೂ ಬೆರಸುತ್ತ ಹೋಗಬೇಕು. ಎಷ್ಟು ದೂರವೋ ಅಷ್ಟು ತೆಳು, ಅಷ್ಟು ಚಿಕ್ಕದು. ಬಂಡೆಗೆ ಮೊದಲು ಇದ್ದಲಿನ ಕಪ್ಪನ್ನು ಪೂರ್ತಿ ಬಳಿದು, ಆಮೇಲೆ ಕುಂಚವನ್ನು ಬೂದುಬಣ್ಣದಲ್ಲಿ ಅದ್ದಿ, ಬಟ್ಟೆಗೆ ಚೆನ್ನಾಗಿ ಒರಸಿ, ಒಣಗಿದಂತಿರುವ ಆ ಕುಂಚವನ್ನು ಉಬ್ಬುಗಳ ಮೇಲೆ ಮಾತ್ರ ಹಗುರಾಗಿ ಎಳೆದರೆ, ತಗ್ಗಿನಲ್ಲಿ ನೆರಳು ಉಳಿದು ಕಲ್ಲು ಕಲ್ಲಾಗಿಯೇ ಕಾಣುವದು. ಪುಂಡಿಯ ನಾರಿನ ಕುಂಚವು ಇದಕ್ಕೆ ಹೇಳಿಮಾಡಿಸಿದಂತಿತ್ತು. ಹಂಚಿನ ಮಾಡಿಗೂ ಇದೇ ಉಪಾಯ: ಮೊದಲು ಕಂದು, ಮೇಲೆ ಕೆಮ್ಮಣ್ಣು.

ಕೊನೆಗೆ ಬಂದಿತು ಸ್ಪೈಡರ್‌ಮ್ಯಾನನ ಪ್ರಶ್ನೆ. ಗಣಪತಿಯ ಮುಂದೆ ಆ ಮುಖವಾಡದವನು ಕೂಡದೆಂದು ಮನೆಯ ಹೆಂಗಸರು ಖಂಡಿತವಾಗಿ ಹೇಳಿದರು. ಅಜ್ಜನವರು ಅವನನ್ನು ಎತ್ತಿಕೊಂಡು ಬೆರಳಿನಿಂದ ಅಳೆದರು. ಗೊಂಬೆಯ ಎತ್ತರ ಒಂದು ಗೇಣಿಗೆ ತುಸು ಕಡಿಮೆ. “ಇವ ಒಳಗೆ ಹೋಪಲೆ ಬಾಗಿಲು ಸಾಲ್ತಿಲ್ಲೆ. ಮೊದಲು ಮನುಷ್ಯನ ಅಳತೆ ಹಿಡಿಯವು, ಬಾಗಿಲು, ದನ, ಮರ ಎಲ್ಲ ಅವನ ಲೆಕ್ಕದ ಮೇಲೆ” ಎಂದರು. ಅವರ ಮಾತಿನ ಮೇಲೆ ಕೊಟ್ಟಿಗೆಯ ಬಾಗಿಲನ್ನು ಬಿಚ್ಚಿ ಎತ್ತರಿಸಿದೆವು. ಹಾಗಾದರೆ ಗಣಪತಿಯು ಬೆಟ್ಟಕ್ಕಿಂತ ದೊಡ್ಡವನೇಕೆ ಎಂದು ಹುಡುಗನು ಕೇಳಿದನು. ದೇವರಿಗೆ ಅಳತೆಯಿಲ್ಲವೆಂಬ ಉತ್ತರವು ಒಳಗಿನಿಂದ ಅಜ್ಜಿಯವರಿಂದ ಬಂದಿತು. ಆಮೇಲೆ ಅಜ್ಜಿಯವರೇ ಹರಕು ಕಂಬಳಿಯ ಚೂರಿನಿಂದ ಒಂದು ಕಂಬಳಿಕೊಪ್ಪೆಯನ್ನು ಹೊಲಿದು ಆ ವೀರನಿಗೆ ಹೊದಿಸಿದರು. ತಲೆಯ ಮೇಲೆ ಸೊಪ್ಪಿನ ಹೊರೆ. ಅಮೇರಿಕದಲ್ಲಿ ಹುಟ್ಟಿದ ವೀರನು ಮಳೆಯಲ್ಲಿ ಬೆಟ್ಟದಿಂದ ಇಳಿಯುವ ಆಳಾಗಿ ಮಂಟಪದಲ್ಲಿ ಸ್ಥಾನವನ್ನು ಪಡೆದನು. ಮೇಲೆ ಕಾಡುಹಣ್ಣು, ತೆಂಗು, ಅಡಿಕೆಯ ಗೊನೆಗಳನ್ನು ಸಾಲಾಗಿ ತೂಗಹಾಕಿ ಫಲಾವಳಿಯನ್ನು ಕಟ್ಟಿದ ಮೇಲೆ ನೋಡಿದರೆ, ಅವನು ಬೇರೆಯವನೆಂದು ಯಾರಿಗೂ ತೋರುವಂತಿರಲಿಲ್ಲ.

ಅಂದಿನ ರಾತ್ರಿ ಜಗಲಿಯಲ್ಲಿ ಇದೇ ಮಾತು. ಇಂಥ ದೃಶ್ಯಕ್ಕೆ ಪಶ್ಚಿಮದವರು ಡಯೊರಾಮ ಎನ್ನುವರು. ೧೮೨೨ರಲ್ಲಿ ಪ್ಯಾರಿಸಿನಲ್ಲಿ ಡಾಗೇರ್ ಮತ್ತು ಬೂತೊಂ ಎಂಬವರು ದೊಡ್ಡ ಪರದೆಗಳ ಮೇಲೆ ಚಿತ್ರಗಳನ್ನು ಬರೆದು, ಬೆಳಕನ್ನು ಬದಲಿಸುತ್ತ, ಹಗಲು ರಾತ್ರಿಯಾದಂತೆ ತೋರಿಸಿ ಹಣ ಗಳಿಸಿದರು. ಹೆಸರು ಅಲ್ಲಿಂದ ಬಂದುದು. ಮನೆಮಂದಿ ಕೂಡಿ ಕಟ್ಟುವ ಸಂಪ್ರದಾಯವು ನಮ್ಮಲ್ಲಿ ಹಲವು ಕಡೆಗೆ ಇದೆ. ಬೆಳಗಾವಿಯ ಹುಡುಗರು ದೀಪಾವಳಿಯಲ್ಲಿ ಅಂಗಳದೊಳಗೆ ಮಣ್ಣಿನ ಕೋಟೆಯನ್ನು ಕಟ್ಟಿ ಶಿವಾಜಿಯನ್ನೂ ಮಾವಳಿ ಸೈನಿಕರನ್ನೂ ನಿಲ್ಲಿಸುವರು. ಮೈಸೂರಿನ ಕಡೆಯ ಮನೆಗಳಲ್ಲಿ ದಸರೆಗೆ ಪಟ್ಟದ ಗೊಂಬೆಗಳ ಕೆಳಗೆ ಊರು, ಕೆರೆ, ಉದ್ಯಾನಗಳು ಏಳುವವು. ಕರಾವಳಿಯ ಕ್ರೈಸ್ತರು ನಾತಾಳಕ್ಕೆ ಗೋದಲಿಯನ್ನು ಮಾಡುವರು. ಹಬ್ಬಗಳು ಬೇರೆಯಾದರೂ ಎಲ್ಲ ಕಡೆಗೂ ಹಿರಿಯರ ಕೈ ಮೇಲೆ, ಕಿರಿಯರ ಕೈ ಕೆಳಗೆ.

ಚೌತಿಯ ಪೂಜೆಯಾಗಿ ಊಟ ಮುಗಿದೊಡನೆ ನಾವು ಯಲ್ಲಾಪುರಕ್ಕೆ ಹೊರಡಬೇಕಾಗಿತ್ತು. ಹೊರಡುವಾಗ ಅಜ್ಜನವರು ಒಂದು ಪೆಟ್ಟಿಗೆಯನ್ನು ಹುಡುಗನ ಕೈಯಲ್ಲಿ ಕೊಟ್ಟು, “ಅಲ್ಲಿ ನನ್ನ ಅಕ್ಕ ಇದ್ದು. ಇದನ್ನ ಅವಳಿಗೆ ಕೊಡು” ಎಂದರು. ನಾವು ಮಲಗಿದ ಮೇಲೆ ಅವರು ಎರಡು ರಾತ್ರಿ ಒಬ್ಬರೇ ಕುಳಿತು ಏನನ್ನೋ ಮಾಡುತ್ತಿದ್ದುದನ್ನು ನಾನು ಕಂಡಿದ್ದೆನು, ಕೇಳಿರಲಿಲ್ಲ.

ಶಿರಸಿಯಿಂದ ಮಂಚೀಕೇರಿಯ ಮೇಲೆ, ತುಂಬಿ ಹರಿಯುತ್ತಿದ್ದ ಬೇಡ್ತಿಯನ್ನು ದಾಟಿ ಯಲ್ಲಾಪುರವನ್ನು ಸೇರುವಾಗ ದೀಪ ಹಚ್ಚುವ ಹೊತ್ತು. ಅಕ್ಕನವರು ದೊಡ್ಡ ಮನೆಯಲ್ಲಿ ಒಬ್ಬರೇ, ಮಕ್ಕಳಿಬ್ಬರೂ ಸಮುದ್ರದಾಚೆ. ಗಣಪತಿಯು ಪೇಟೆಯಿಂದ ತಂದ ಥರ್ಮೋಕೋಲಿನ ಮಂಟಪದಲ್ಲಿ ಕುಳಿತಿದ್ದನು. “ಕಟ್ಟುವವರು ಯಾರಿದ್ದ? ಇದಾದ್ರೆ ಹತ್ತು ನಿಮಿಷದ ಕೆಲಸ” ಎಂದು ಅವರೇ ಸಂಕೋಚದಿಂದ ಹೇಳಿದರು. ಒಬ್ಬಂಟಿ ಮುದುಕಿಯ ಮನೆಯಲ್ಲಿ ಆ ಬಿಳಿಯ ಮಂಟಪವನ್ನು ಹಳಿಯುವ ಮನಸ್ಸು ನನಗಾಗಲಿಲ್ಲ. ಆದರೆ ಅದು ಮಣ್ಣಿನಂತೆ ನೀರಿನಲ್ಲಿ ಕರಗದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಪ್ಲಾಸ್ಟರಿನ ಮೂರ್ತಿಯ ಜತೆಗೆ ಥರ್ಮೋಕೋಲನ್ನೂ ನಿಷೇಧಿಸಿರುವದು ಈ ಕಾರಣಕ್ಕಾಗಿಯೇ.

ಪೆಟ್ಟಿಗೆಯನ್ನು ತೆರೆದಾಗ ಹಾಳೆಯ ಒಂದು ಮನೆ ಕಂಡಿತು. ಎರಡು ಮೆಟ್ಟಿಲ ಜಗಲಿ, ಮುಂದೆ ತುಳಸಿಯ ಕಟ್ಟೆ, ಎಡಕ್ಕೆ ಬಚ್ಚಲಿನ ಹೊಗೆಗೂಡು. ಅಕ್ಕನವರು ದೀಪವನ್ನು ಹತ್ತಿರ ತಂದು ನೋಡಿದರು. “ಇದು ನಮ್ಮನೆ. ನನ್ನ ಅಪ್ಪನ ಮನೆ” ಎಂದರು. ಅದನ್ನು ಕೆಡವಿ ನಾಲ್ವತ್ತು ವರ್ಷವಾಯಿತಂತೆ. ನಾವು ಮೂರು ದಿನ ಉಂಡು ಮಲಗಿದ ಮನೆಯು ಅದೇ ಜಾಗದಲ್ಲಿ ಕಟ್ಟಿದ ಹೊಸ ಮನೆ. ಹಳೆಯದರ ಚಿತ್ರವೊಂದೂ ಉಳಿದಿಲ್ಲ. ಮದುವೆಯಾಗಿ ಹೊರಟ ದಿನ ಅವರು ಇಳಿದ ಮೆಟ್ಟಿಲುಗಳು ಅವು. ಬಹಳ ಹೊತ್ತಿನ ಮೇಲೆ, “ಹಲಸಿನ ಮರ ಎಲ್ಲಿದ್ದು? ತಮ್ಮಂಗೆ ಮರೆತೇ ಹೋಯ್ದು” ಎಂದರು.

ನಾನು ಏನು ಹೇಳಬೇಕೆಂದು ಯೋಚಿಸುತ್ತಿರುವಷ್ಟರಲ್ಲಿ ಹುಡುಗನು ಬಾಗಿಲಿನ ಎತ್ತರವನ್ನು ಬೆರಳಿನಿಂದ ಅಳೆದುಕೊಂಡನು. “ಮರ ಮನೆಗಿಂತ ಎಷ್ಟು ಎತ್ತರ ಇತ್ತು, ಅಮ್ಮಾ?” ಎಂದು ಕೇಳಿದನು. ಎರಡರಷ್ಟು, ಎಂದರು. ಯಾವ ಮಗ್ಗುಲಿಗೆ? ಬಚ್ಚಲಿನ ಹಿಂದೆ; ಒಂದು ಕೊಂಬೆ ಮಾಡಿನ ಮೇಲೆ ಬಾಗಿತ್ತು; ಹಣ್ಣು ಬಿದ್ದು ಪ್ರತಿ ವರ್ಷವೂ ಹಂಚು ಒಡೆಯುತ್ತಿತ್ತು. ಅವನು ಹಿತ್ತಿಲಿಗೆ ಹೋಗಿ ತಕ್ಕ ಕವಲಿನ ರೆಂಬೆಯನ್ನು ತಂದು, ಮಣ್ಣಿನಲ್ಲಿ ಊರಿ, ಅವರು ಹೇಳಿದ ಕಡೆಗೆ ಬಾಗಿಸಿ, ಬುಡದಲ್ಲಿ ಎರಡು ಹಲಸಿನ ಕಾಯಿಗಳನ್ನು ಮಾಡಿ ಅಂಟಿಸಿದನು. ಅಕ್ಕನವರು ನಡುಗುವ ಕೈಯಿಂದ ಮಾಡಿನ ಒಂದು ಮೂಲೆಯನ್ನು ಉಗುರಿನಿಂದ ಚೂರು ಮುರಿದರು. ಹಂಚು ಒಡೆದದ್ದು ಅಲ್ಲಿಯೇ ಎಂದರು. ಆ ರಾತ್ರಿಯೇ ಸಿದ್ದಾಪುರಕ್ಕೆ ಟೆಲಿಫೋನು ಮಾಡಿಸಿದರು. ಮರದ ಮಾತಿಗೆ ಇಬ್ಬರೂ ನಕ್ಕುದು ಕೇಳಿಸಿತು. ಆಮೇಲೆ ಎರಡೂ ಕಡೆಗೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಮರುದಿನ ಬೆಳಿಗ್ಗೆ ಮಾಗೋಡಿಗೆ ಹೋಗಿ, ಬೇಡ್ತಿಯು ಸುಮಾರು ೬೫೦ ಅಡಿಯ ಆಳಕ್ಕೆ ಧುಮುಕುವದನ್ನು ಮಂಜು ಸರಿದಾಗ ಸರಿದಾಗ ಕಂಡೆವು. “ಅಜ್ಜಾ, ಮಳೆಗಾಲದಾಗ ನೀರು ಬೆಳ್ಳಗೆ ಇರೂದಿಲ್ಲ. ನಾವು ತಪ್ಪು ಬಣ್ಣ ಹಚ್ಚೇವಿ” ಎಂದು ಹುಡುಗನು ಅಂದನು. ನಿಜವೇ, ಕೆಮ್ಮಣ್ಣಿನ ಸೀಮೆಯ ಹೊಳೆಯು ಭಾದ್ರಪದದಲ್ಲಿ ಚಹದ ಬಣ್ಣವಾಗಿರುವದು. ಎರಡು ಸಲ ಆ ಸೀಮೆಯನ್ನು ನೋಡಿ ಬಂದಿದ್ದ ನಾನು ಅದನ್ನು ಗಮನಿಸಿರಲಿಲ್ಲ. ಸಂಜೆ ಗಣಪತಿಯು ಕೆರೆಗೆ ಹೋದನು. ಹಾಳೆಯ ಮನೆಯನ್ನು ಅಕ್ಕನವರು ದೇವರ ಗೂಡಿನ ಪಕ್ಕದಲ್ಲಿ ಇಟ್ಟುಕೊಂಡರು.

ಗೃಹಸ್ಥರಾದ ವಾಚಕರಿಗೆ ನನ್ನ ವಿಜ್ಞಾಪನೆ ಇಷ್ಟೇ. ನಿಮ್ಮ ಮನೆಯಲ್ಲಿಯೂ ನಿಲ್ಲಲು ನೆಲವಿಲ್ಲದ ಗೊಂಬೆಗಳು ಇರಬಹುದು. ಎರಡು ಅಡಿಯ ಹಲಗೆ, ನಾಲ್ಕು ದಬ್ಬೆ, ಒಂದು ಹೆಡಿಗೆ ಮಣ್ಣು, ಕೆಮ್ಮಣ್ಣು, ಸುಣ್ಣ, ಇದ್ದಲು, ಇವಕ್ಕೆ ಹೆಚ್ಚಿನ ಖರ್ಚಿಲ್ಲ. ಕಟ್ಟುವದಾದರೆ ಯಾವದೋ ಕಾಣದ ಊರನ್ನು ಬಿಟ್ಟು, ನೀವು ಬಲ್ಲ ಊರನ್ನೇ ಕಟ್ಟಿರಿ. ಎಷ್ಟು ಬಲ್ಲಿರೆಂಬುದು ಆಗಲೇ ತಿಳಿದುಬರುವದು.

ಧಾರವಾಡಕ್ಕೆ ಬಂದ ವಾರದಲ್ಲಿಯೇ ಹುಡುಗನು ಕೆಲಸವನ್ನು ಆರಂಭಿಸಿದನು. ವೀರರ ಎತ್ತರವನ್ನು ಅಳೆದಿಟ್ಟುಕೊಂಡು, ನಾನು ಹುಟ್ಟಿದ ಹಳ್ಳಿಯ ಮನೆಯನ್ನು ಮಾಡುವೆನೆಂದನು. ಪಡಸಾಲೆಗೆ ಕಿಟಕಿ ಎಷ್ಟು, ಬೆಳಕಿಂಡಿ ಯಾವ ಕಡೆಗೆ, ಹಗೆಯದ ಬಾಯಿ ಎಲ್ಲಿ ಎಂದು ಒಂದೊಂದಾಗಿ ಕೇಳಿದನು. ಮೊದಲಿನದಕ್ಕೆ ಉತ್ತರ ಹೇಳಿದೆನು. ಉಳಿದೆರಡು ನನಗೆ ನೆನಪಾಗಲಿಲ್ಲ. ಗದಗಿನಲ್ಲಿರುವ ನನ್ನ ಅಕ್ಕನಿಗೆ ಕಾಗದ ಬರೆದಿದ್ದೇನೆ. ಅವಳ ಉತ್ತರ ಬರುವ ವರೆಗೆ ಗೋಡೆಗಳು ಹಾಗೆಯೇ ನಿಂತಿವೆ.